ಅಕ್ಕಿ ಎಲ್ಲಿಂದ ಬರುತ್ತದೆ: ವಿರೋಧ ಪಕ್ಷದ ಸಾಲಿನ ಹಿಂದೆ ಎರಡು ವರ್ಷ

ಮೂವತ್ತೆರಡು ವರ್ಷ ಖಜಾನೆ ಇಲಾಖೆಯಲ್ಲಿ ದುಡಿದು 2021ರ ಮೇ ತಿಂಗಳ ಕೊನೆಗೆ ನಾನು ನಿವೃತ್ತನಾದೆ. ಆಗಸ್ಟ್ ತಿಂಗಳಲ್ಲಿ ನಮ್ಮ ಕ್ಷೇತ್ರದ ಶಾಸಕರು ಮನೆಗೆ ಹೇಳಿ ಕಳಿಸಿದರು. ಅವರು ಆಗ ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ಸಿನವರು. ಮೊದಲ ಸಲ ಗೆದ್ದು ಬಂದವರು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವರು. "ಸಾರ್, ನನಗೆ ಬಜೆಟ್ ಪುಸ್ತಕ ಓದೋಕೆ ಬರೋರು ಒಬ್ಬರು ಬೇಕು. ಭಾಷಣ ಬರೆದುಕೊಡೋರು ಬೇಕಾದಷ್ಟು ಜನ ಇದಾರೆ" ಎಂದರು. ಆ ಮಾತು ನನಗೆ ಹಿಡಿಸಿತು. ಸಂಬಳದ ಮಾತೆತ್ತದೆ ಒಪ್ಪಿಕೊಂಡೆ.

ಚುನಾವಣೆಗೆ ಆಗ ಎರಡು ವರ್ಷವೂ ಉಳಿದಿರಲಿಲ್ಲ. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ ಮರಳಿ ಗೆದ್ದ ಮೇಲೆ ಈ ರಾಜ್ಯದಲ್ಲಿ ಯಾವ ಆಡಳಿತ ಪಕ್ಷವೂ ಜನರ ಮುಂದೆ ಹೋಗಿ ಅಧಿಕಾರ ಉಳಿಸಿಕೊಂಡು ಬಂದಿಲ್ಲ. ಇಂಥ ರಾಜ್ಯದಲ್ಲಿ ಸಭಾಧ್ಯಕ್ಷರ ಎಡಗಡೆಯ ಸಾಲಿನಲ್ಲಿ, ಅಂದರೆ ವಿರೋಧ ಪಕ್ಷದಲ್ಲಿ, ಕೂತವರು ತಾವು ನಾಳೆ ಆಳಬೇಕಾದವರು ಎಂದು ತಿಳಿದೇ ಇವತ್ತಿನ ಕೆಲಸ ಮಾಡಬೇಕು ಎಂಬುದು ಶಾಸಕರ ನಂಬಿಕೆಯಾಗಿತ್ತು. ಅದು ನನ್ನದೂ ಆಯಿತು. ಸರ್ಕಾರದ ತಪ್ಪನ್ನು ಎತ್ತಿ ಹೇಳುವುದು ವಿರೋಧ ಪಕ್ಷದ ಧರ್ಮವೆಂದು ನಾವೆಲ್ಲ ಬಲ್ಲೆವು. ಆ ತಪ್ಪನ್ನು ತಾನು ಹೇಗೆ ಮಾಡದಿರಬೇಕೆಂದು ಕಲಿತುಕೊಳ್ಳುವುದೂ ಅದೇ ಧರ್ಮದ ಭಾಗ ಎಂಬುದು ಮಾತ್ರ ನನಗೆ ಕೆಲಸ ಮಾಡುತ್ತಾ ಮಾಡುತ್ತಾ ತಿಳಿದದ್ದು.

ಮೊದಲು ನನ್ನ ಪಾಲಿಗೆ ಬಂದದ್ದು ಪ್ರಶ್ನೆ ಬರೆಯುವ ಕೆಲಸ. ವಿಧಾನಸಭೆಯ ಪ್ರಶ್ನೆಗೆ ತನ್ನದೇ ಒಂದು ವ್ಯಾಕರಣವಿದೆ. (ಅ) ಎಂದು ಶುರುವಾಗಿ (ಆ), (ಇ), (ಈ) ಎಂದು ಇಳಿಯುತ್ತದೆ, "ಸರ್ಕಾರದ ಗಮನಕ್ಕೆ ಬಂದಿದೆಯೇ" ಎಂದು ಕೇಳುತ್ತದೆ, "ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? (ವಿವರ ನೀಡುವುದು)" ಎಂದು ಮುಗಿಯುತ್ತದೆ. ಶಾಸಕರ ಹಳೆಯ ಪ್ರಶ್ನೆಗಳ ಕಡತವನ್ನು ಓದಿದಾಗ ನನಗೆ ಕಂಡದ್ದೇನೆಂದರೆ, ಹತ್ತರಲ್ಲಿ ಎಂಟು ಪ್ರಶ್ನೆಗಳಿಗೆ ಒಂದೇ ಸಾಲಿನ ಉತ್ತರ ಬಂದಿತ್ತು. "ಗಮನಕ್ಕೆ ಬಂದಿರುವುದಿಲ್ಲ" ಎಂದು (ಅ)ಗೆ ಉತ್ತರಿಸಿದರೆ ಮುಂದಿನ ಮೂರಕ್ಕೂ "ಉದ್ಭವಿಸುವುದಿಲ್ಲ" ಎಂದು ಬರೆದು ಕೈ ತೊಳೆದುಕೊಳ್ಳಬಹುದು. ಮೂವತ್ತೆರಡು ವರ್ಷ ಆ ಮೇಜಿನ ಆಚೆ ಬದಿಯಲ್ಲಿ ಕೂತು ಇಂಥ ಉತ್ತರಗಳಿಗೆ ಅಂಕಿ ಅಂಶ ಒದಗಿಸಿದವನು ನಾನೇ. ಆದ್ದರಿಂದ ಬಾಗಿಲು ಎಲ್ಲಿ ಮುಚ್ಚುತ್ತದೆ ಎಂಬುದು ನನಗೆ ಗೊತ್ತಿತ್ತು.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ತಾಲ್ಲೂಕಿನ ಹಳ್ಳಿಗಳಿಗೆ ಬೆಳಗಿನ ಹೊತ್ತು ಬಸ್ಸು ಸಾಲದೆ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೂ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಂಗಸರಿಗೂ ತೊಂದರೆಯಾಗುತ್ತಿತ್ತು. ಶಾಸಕರು ಕೇಳಬೇಕೆಂದಿದ್ದ ಪ್ರಶ್ನೆ "ಸಾರಿಗೆ ಸೌಲಭ್ಯದ ಕೊರತೆಯಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ" ಎಂದಿತ್ತು. ಅದನ್ನು ಒಡೆದು ಬರೆದೆ: ತಾಲ್ಲೂಕಿನ ಘಟಕದಲ್ಲಿ ಇರುವ ಬಸ್ಸುಗಳೆಷ್ಟು, ಅವುಗಳಲ್ಲಿ ದಿನಾ ರಸ್ತೆಗೆ ಇಳಿಯುವುದೆಷ್ಟು, ಚಾಲಕರು ಮತ್ತು ನಿರ್ವಾಹಕರ ಮಂಜೂರಾದ ಹುದ್ದೆಗಳೆಷ್ಟು, ಖಾಲಿ ಎಷ್ಟು, ವಿದ್ಯಾರ್ಥಿ ಪಾಸುಗಳ ಬಾಬ್ತು ಸರ್ಕಾರ ನಿಗಮಕ್ಕೆ ಕೊಡಬೇಕಾದದ್ದೆಷ್ಟು, ಕೊಟ್ಟದ್ದೆಷ್ಟು. ಇವುಗಳಲ್ಲಿ ಯಾವುದಕ್ಕೂ "ಉದ್ಭವಿಸುವುದಿಲ್ಲ" ಎನ್ನಲಾಗದು. ಉತ್ತರ ಬರುವುದು ತಡವಾಯಿತು, ಆದರೆ ಬಂತು, ಅನುಬಂಧಗಳ ಸಮೇತ ಬಂತು. ಬಸ್ಸು ಸಾಲದಿರುವುದಕ್ಕೆ ನಾವು ಊಹಿಸಿದ್ದ ಕಾರಣ ಬೇರೆ, ಕಾಗದದ ಮೇಲೆ ಕಂಡ ಕಾರಣ ಬೇರೆ. ಬಸ್ಸುಗಳು ಇದ್ದವು, ಓಡಿಸುವ ಕೈಗಳು ಇರಲಿಲ್ಲ.

ಆ ಉತ್ತರವನ್ನು ಕೈಯಲ್ಲಿ ಹಿಡಿದು ನಾನು 2022ರ ಆಗಸ್ಟ್ ತಿಂಗಳಲ್ಲಿ ಮೂರು ದಿನ ಬೆಳಗ್ಗೆ ಆರರಿಂದ ಹತ್ತರವರೆಗೆ ನಮ್ಮೂರಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು, ಪ್ರತಿ ಬಸ್ಸಿಗೆ ಎಷ್ಟು ಮಂದಿ ಹತ್ತಿದರು, ಅವರಲ್ಲಿ ಹೆಂಗಸರೆಷ್ಟು, ಗಂಡಸರೆಷ್ಟು, ನಿಂತು ಹೋದವರೆಷ್ಟು ಎಂದು ಗೆರೆ ಎಳೆದು ಎಣಿಸಿದೆ. ಎರಡನೆಯ ದಿನ ಸೊಪ್ಪಿನ ಮೂಟೆ ಇಳಿಸಿಕೊಂಡು ಪಕ್ಕದಲ್ಲಿ ಕೂತ ಒಬ್ಬ ಹಿರಿಯಾಕೆ, "ಏನ್ ಯಜಮಾನ್ರೇ, ನೆನ್ನೇನೂ ಬರ್ಕೊತಿದ್ರಿ, ಇವತ್ತೂ ಬರ್ಕೊತಿದೀರಿ, ಬಸ್ಸೇನಾದ್ರೂ ಜಾಸ್ತಿ ಬಿಡ್ತಾರಾ?" ಎಂದು ಕೇಳಿದರು. "ಕೇಳ್ತಾ ಇದೀವಿ ಅಮ್ಮ" ಎಂದೆ. "ಕೇಳೋರು ಬೇರೆ, ಕೊಡೋರು ಬೇರೆ ಅಲ್ವಾ?" ಎಂದರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಟಿಕೆಟ್ಟಿನ ಚಿಲ್ಲರೆಯನ್ನು ಅಂಗೈಯಲ್ಲಿ ಹರಡಿಕೊಂಡು ಎರಡು ಸಲ ಎಣಿಸಿದರು. ಹೋಗಲು ಒಂದಿಷ್ಟು, ಬರಲು ಒಂದಿಷ್ಟು, ಎರಡನ್ನೂ ಬೇರೆ ಬೇರೆ ಗಂಟು ಕಟ್ಟಿದರು. ಸೊಪ್ಪು ಮಾರಿ ಬಂದದ್ದರಲ್ಲಿ ಎಷ್ಟು ಭಾಗ ಬಸ್ಸಿಗೆ ಹೋಗುತ್ತಿತ್ತು ಎಂಬುದನ್ನು ಆ ಎರಡು ಗಂಟುಗಳು ಹೇಳಿದಷ್ಟು ಸ್ಪಷ್ಟವಾಗಿ ಯಾವ ಅನುಬಂಧವೂ ಹೇಳಿರಲಿಲ್ಲ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಪ್ರಶ್ನೆಗಿಂತ ಆಳವಾದ ಪಾಠ ಸಿಕ್ಕಿದ್ದು ಸರ್ಕಾರದ ಖರ್ಚಿನ ಲೆಕ್ಕವನ್ನು ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯಿಂದ. ಲೋಕಸಭೆಯಲ್ಲಿ 1967ರಿಂದ ಈ ಸಮಿತಿಯ ಅಧ್ಯಕ್ಷತೆಯನ್ನು ವಿರೋಧ ಪಕ್ಷದವರಿಗೆ ಕೊಡುವ ಸಂಪ್ರದಾಯ ಬೆಳೆದು ಬಂದಿದೆ, ನಮ್ಮ ವಿಧಾನಮಂಡಲದಲ್ಲೂ ಅದೇ ರೂಢಿ. ನಮ್ಮ ಶಾಸಕರು ಸಮಿತಿಯ ಒಬ್ಬ ಸದಸ್ಯರಾಗಿದ್ದರು. ಸಭೆಯೊಳಗೆ ಹೊರಗಿನವರಿಗೆ ಪ್ರವೇಶವಿಲ್ಲ, ಅಲ್ಲಿ ನಡೆದದ್ದನ್ನು ಅವರು ನನಗೆ ಹೇಳುತ್ತಲೂ ಇರಲಿಲ್ಲ. ಅದು ಸರಿಯಾದ ನಡತೆ. ನನ್ನ ಕೆಲಸ ಸಭೆಗೆ ಮೊದಲು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ (ಸಿಎಜಿ) ವರದಿಯ ಕಂಡಿಕೆಗಳನ್ನು ಬಿಡಿಸಿ ಹೇಳುವುದಷ್ಟೇ ಆಗಿತ್ತು.

ಖಜಾನೆಯಲ್ಲಿದ್ದವರಿಗೆ ಮಾರ್ಚ್ 31 ಎಂದರೆ ಏನೆಂದು ಗೊತ್ತು. ವರ್ಷವಿಡೀ ಮಲಗಿದ್ದ ಬಿಲ್ಲುಗಳು ಅಂದು ರಾತ್ರಿಯವರೆಗೂ ಬರುತ್ತವೆ. ಖರ್ಚು ಮಾಡಲು ಸಮಯವಿಲ್ಲದ ಹಣ ವೈಯಕ್ತಿಕ ಠೇವಣಿ ಖಾತೆಗೆ ಹೋಗಿ ಕೂರುತ್ತದೆ. ಪುಸ್ತಕದಲ್ಲಿ ಅದು ಖರ್ಚಾದ ಹಣ, ಹಳ್ಳಿಯಲ್ಲಿ ಅದು ಇನ್ನೂ ಕಾಣದ ಹಣ. ಹಿಂದೆ ಕೊಟ್ಟ ಅನುದಾನಕ್ಕೆ ಬಳಕೆ ಪ್ರಮಾಣಪತ್ರ ಬಾರದೆ ವರ್ಷಗಟ್ಟಲೆ ಉಳಿದಿರುತ್ತದೆ. ಇದನ್ನು ವಿವರಿಸಿದಾಗ ಶಾಸಕರು ಬಹಳ ಹೊತ್ತು ಸುಮ್ಮನಿದ್ದು, "ಅಂದ್ರೆ ನಾವು ಅಧಿಕಾರಕ್ಕೆ ಬಂದು ದುಡ್ಡು ಕೊಟ್ರೂ ಹಿಂಗೇ ಆಗಬಹುದಲ್ವಾ ಸಾರ್?" ಎಂದು ಕೇಳಿದರು. ಆಗಬಹುದು ಎಂದೆ. ಎದುರಿನವರ ತಪ್ಪಿನಲ್ಲಿ ತನ್ನ ನಾಳೆಯ ತಪ್ಪನ್ನು ಕಂಡ ಆ ಕ್ಷಣದಿಂದಲೇ ಅವರ ನಿಜವಾದ ತಯಾರಿ ಶುರುವಾಯಿತು ಎಂದು ನಾನು ತಿಳಿದಿದ್ದೇನೆ. ಅಂದಿನಿಂದ ಅವರ ಪ್ರಶ್ನೆಗಳ ದನಿ ಬದಲಾಯಿತು. ಮೊದಲು ಯಾರು ತಿಂದರು ಎಂದು ಕೇಳುತ್ತಿದ್ದವರು ಆಮೇಲೆ ಎಲ್ಲಿ ನಿಂತಿತು ಎಂದೂ ಕೇಳತೊಡಗಿದರು.

ವಿರೋಧ ಪಕ್ಷದವನೊಬ್ಬ ಇಲಾಖೆಯ ಕಾರ್ಯದರ್ಶಿಯ ಎದುರು ಕೂತು, ಕಾನೂನಿನ ಬಲದಿಂದ, ನೇರವಾಗಿ ಮಾತಾಡಬಹುದಾದ ಜಾಗ ನಮ್ಮಲ್ಲಿ ಈ ಸಮಿತಿಗಳು ಮಾತ್ರ. ಬ್ರಿಟನ್ನಿನಲ್ಲಿ 1964ರಿಂದ ಬೇರೊಂದು ಪದ್ಧತಿ ಇದೆ. ಚುನಾವಣೆಗೆ ಮುನ್ನ, ಪ್ರಧಾನಿಯ ಒಪ್ಪಿಗೆ ಪಡೆದು, ವಿರೋಧ ಪಕ್ಷದ ನೆರಳು ಸಂಪುಟದವರು (ಒಂದೊಂದು ಇಲಾಖೆಯ ಮೇಲೆ ಕಣ್ಣಿಡಲು ಆ ಪಕ್ಷ ನೇಮಿಸಿಕೊಂಡವರು) ಆಯಾ ಇಲಾಖೆಯ ಹಿರಿಯ ಅಧಿಕಾರಿಗಳನ್ನು ಗುಟ್ಟಾಗಿ ಭೇಟಿಯಾಗಿ ತಮ್ಮ ಯೋಜನೆಗಳನ್ನು ಹೇಳಿಕೊಳ್ಳಬಹುದು. ಬಂದರೆ ಏನು ಮಾಡಬೇಕೆಂದಿದ್ದಾರೆ ಎಂಬುದು ಅಧಿಕಾರಿಗಳಿಗೂ ಮೊದಲೇ ತಿಳಿದಿರುತ್ತದೆ. ಆಸ್ಟ್ರೇಲಿಯಾದಲ್ಲಿ 2012ರಿಂದ ಸಂಸತ್ತಿನ ಅಧೀನದ ಬಜೆಟ್ ಕಚೇರಿಯೊಂದಿದ್ದು, ವಿರೋಧ ಪಕ್ಷವೂ ತನ್ನ ಭರವಸೆಗಳಿಗೆ ತಗಲುವ ವೆಚ್ಚವನ್ನು ಅಲ್ಲಿ ಲೆಕ್ಕ ಹಾಕಿಸಿಕೊಳ್ಳಬಹುದು. ನಮ್ಮಲ್ಲಿ ಆ ಬಾಗಿಲೂ ಇಲ್ಲ, ಈ ಕಚೇರಿಯೂ ಇಲ್ಲ. ನಮ್ಮ ವಿರೋಧ ಪಕ್ಷಗಳು ಲೆಕ್ಕವಿಲ್ಲದೆ ಭರವಸೆ ಕೊಡುತ್ತವೆ ಎಂದು ದೂರುವವರು ಈ ಮಾತನ್ನೂ ಸೇರಿಸಿ ಹೇಳಬೇಕು. ಲೆಕ್ಕ ಹಾಕಲು ಬೇಕಾದ ಕಾಗದ ಅವರ ಕೈಗೆ ಸಿಗುವುದೇ ಪ್ರಶ್ನೆ, ಸಮಿತಿ ಮತ್ತು ಬಜೆಟ್ ಪುಸ್ತಕ ಎಂಬ ಮೂರು ಕಿಂಡಿಗಳಿಂದ.

ಅಧಿಕಾರಕ್ಕೆ ಬರದೆಯೂ ವಿರೋಧ ಪಕ್ಷದ ದನಿ ಸರ್ಕಾರದ ಕಾನೂನಾಗಬಹುದು ಎಂಬುದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿ ಇದೆ. ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ಬೆನ್ನಲ್ಲೇ 1952ರಲ್ಲಿ ವಿಧಾನಸಭೆಗೆ ಬಂದ ಶಾಂತವೇರಿ ಗೋಪಾಲಗೌಡರು ಕೊನೆಯವರೆಗೂ ಮಂತ್ರಿಯಾಗಲಿಲ್ಲ. 1972ರಲ್ಲಿ ಅವರು ತೀರಿಕೊಂಡರು. ಅವರು ಗೇಣಿದಾರರ ಪರವಾಗಿ ಸದನದಲ್ಲಿ ಆಡಿದ ಮಾತು 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆಯಲ್ಲಿ ಶಾಸನವಾಯಿತು. ನಮ್ಮ ತಂದೆ ಗೇಣಿದಾರರಾಗಿದ್ದವರು, ಹಾಗಾಗಿ ಈ ಮಾತನ್ನು ನಾನು ಬರೆಯದೆ ಮುಂದೆ ಹೋಗಲಾರೆ.

2022ರ ಅಕ್ಟೋಬರ್ 4ರಂದು ಚುನಾವಣಾ ಆಯೋಗ ರಾಜಕೀಯ ಪಕ್ಷಗಳಿಗೆ ಒಂದು ಪತ್ರ ಬರೆಯಿತು. ಕೊಡುವ ಭರವಸೆ ಯಾರಿಗೆ ಅನ್ವಯಿಸುತ್ತದೆ, ಎಷ್ಟು ಖರ್ಚಾಗುತ್ತದೆ, ಹಣವನ್ನು ಯಾವ ಮೂಲದಿಂದ ತರುತ್ತೀರಿ ಎಂಬುದನ್ನು ಒಂದು ನಮೂನೆಯಲ್ಲಿ ತುಂಬಿಕೊಡುವ ಪ್ರಸ್ತಾಪ ಅದರಲ್ಲಿತ್ತು. ಪ್ರಣಾಳಿಕೆಗಳ ಬಗ್ಗೆ ಮಾರ್ಗಸೂಚಿ ರೂಪಿಸುವಂತೆ ಸುಪ್ರೀಂ ಕೋರ್ಟು 2013ರ ಜುಲೈನಲ್ಲಿಯೇ ಆಯೋಗಕ್ಕೆ ಹೇಳಿತ್ತು. ಭರವಸೆ ಕೊಡುವುದು ಪಕ್ಷದ ಹಕ್ಕು, ಅದರಲ್ಲಿ ಆಯೋಗ ಕೈ ಹಾಕಬಾರದು ಎಂದು ವಾದಿಸಿದವರೂ ಇದ್ದರು, ಆ ವಾದದಲ್ಲಿ ಹುರುಳೂ ಇದೆ. ನಾನು ಮಾತ್ರ ಆ ನಮೂನೆಯನ್ನು ನೋಡಿ, ಯಾರೂ ಕೇಳದಿದ್ದರೂ ನಮ್ಮ ಮಟ್ಟಿಗೆ ಇದನ್ನು ತುಂಬಿ ನೋಡೋಣ ಎಂದು ಶಾಸಕರಿಗೆ ಹೇಳಿದೆ. ಉದ್ದನೆಯ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಗೆರೆ ಹಾಕಿದೆ: ಯಾರಿಗೆ, ಎಷ್ಟು ರೂಪಾಯಿ, ಬಜೆಟ್ಟಿನ ಯಾವ ಲೆಕ್ಕ ಶೀರ್ಷಿಕೆ, ಯಾರ ಕೈಯಿಂದ. ನಾನು ಪ್ರಣಾಳಿಕೆ ಸಮಿತಿಯಲ್ಲಿ ಇದ್ದವನಲ್ಲ. ಪಕ್ಷದ ದೊಡ್ಡ ತೀರ್ಮಾನಗಳು ನಡೆದ ಕೋಣೆಗಳಿಗೂ ನನಗೂ ಸಂಬಂಧವಿರಲಿಲ್ಲ. ಒಬ್ಬ ಶಾಸಕರು ತಮ್ಮ ಕ್ಷೇತ್ರದಲ್ಲಿ ನಿಂತು ಭರವಸೆ ಕೊಡುವಾಗ ಅದರ ತೂಕ ಅವರಿಗೆ ಗೊತ್ತಿರಬೇಕು ಎಂಬಷ್ಟಕ್ಕೆ ಮಾತ್ರ ನನ್ನ ನೋಟ್‌ಬುಕ್ಕು.

2023ರ ಜನವರಿಯಿಂದ ಭರವಸೆಗಳು ಒಂದೊಂದಾಗಿ ಬಂದವು. ಜನವರಿ 11ರಂದು ಬೆಳಗಾವಿಯಲ್ಲಿ ಪ್ರತಿ ಮನೆಗೆ 200 ಯೂನಿಟ್ ಉಚಿತ ವಿದ್ಯುತ್ತಿನ ಗೃಹಜ್ಯೋತಿ; ಜನವರಿ 16ರಂದು ಬೆಂಗಳೂರಿನಲ್ಲಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ; ಫೆಬ್ರುವರಿ 24ರಂದು ತಲಾ 10 ಕಿಲೋ ಅಕ್ಕಿ; ಮಾರ್ಚಿನಲ್ಲಿ ಕೆಲಸ ಸಿಗದ ಪದವೀಧರರಿಗೆ ಭತ್ಯೆ ಕೊಡುವ ಯುವನಿಧಿ; ಏಪ್ರಿಲ್ 27ರಂದು ಮಂಗಳೂರಿನಲ್ಲಿ ಹೆಂಗಸರಿಗೆ ಉಚಿತ ಬಸ್ ಪ್ರಯಾಣ. ಒಂದೊಂದು ಘೋಷಣೆ ಬಂದಾಗಲೂ ನಾನು ಹೊಸ ಪುಟ ತಿರುಗಿಸುತ್ತಿದ್ದೆ.

ನಡುವೆ ಫೆಬ್ರುವರಿ 17ರಂದು ಬಸವರಾಜ ಬೊಮ್ಮಾಯಿಯವರು ತಮ್ಮ ಸರ್ಕಾರದ ಕೊನೆಯ ಬಜೆಟ್ ಮಂಡಿಸಿದರು. ಅಂದು ಕಾಂಗ್ರೆಸ್ ಸದಸ್ಯರು ಕಿವಿಯ ಮೇಲೆ ಹೂವಿಟ್ಟುಕೊಂಡು ಸದನಕ್ಕೆ ಬಂದಿದ್ದರು, ಸುದ್ದಿಯಲ್ಲೆಲ್ಲ ಆ ಚಿತ್ರವೇ. ಪ್ರತಿಭಟನೆಗೆ ಅದರದೇ ಜಾಗವಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಂಜೆ ಶಾಸಕರ ಭವನದ ಕೋಣೆಗೆ ಬಜೆಟ್ ಪುಸ್ತಕಗಳ ಚೀಲ ಬಂತು. ಭಾಷಣದ ಪುಸ್ತಕವನ್ನು ಪಕ್ಕಕ್ಕಿಟ್ಟು ಮಧ್ಯಮಾವಧಿ ವಿತ್ತೀಯ ಯೋಜನೆಯನ್ನೂ ವಿವರವಾದ ಅಂದಾಜುಗಳ ಸಂಪುಟಗಳನ್ನೂ ತೆಗೆದುಕೊಂಡು ಕೂತೆವು. ಮೂರು ಲಕ್ಷ ಒಂಬತ್ತು ಸಾವಿರ ಕೋಟಿಯ ಬಜೆಟ್ಟು. ಅದರಲ್ಲಿ ಸಂಬಳ, ಪಿಂಚಣಿ, ಬಡ್ಡಿ ಎಂಬ ಮೂರು ಬಾಬ್ತುಗಳನ್ನು ಯಾವ ಪಕ್ಷದ ಸರ್ಕಾರವೂ ಮುಟ್ಟಲಾರದು. ಆಮೇಲೆ ರೈತರ ಪಂಪ್‌ಸೆಟ್ಟಿನ ವಿದ್ಯುತ್ ಸಹಾಯಧನ, ಸಾಮಾಜಿಕ ಭದ್ರತಾ ಪಿಂಚಣಿ, ನಡೆಯುತ್ತಿರುವ ಕಾಮಗಾರಿಗಳ ಬಾಕಿ. ಇವನ್ನೆಲ್ಲ ಕಳೆದ ಮೇಲೆ ಹೊಸಬರ ಕೈಗೆ ಉಳಿಯುವ ಜಾಗ ಎಷ್ಟು ಕಿರಿದು ಎಂಬುದನ್ನು ಪೆನ್ಸಿಲ್ಲಿನಲ್ಲಿ ಗೀಟು ಹಾಕಿ ತೋರಿಸಿದೆ. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದಲ್ಲೇ ಮೊದಲು, 2002ರಲ್ಲಿ, ಮಾಡಿಕೊಂಡ ರಾಜ್ಯ ನಮ್ಮದು. ವಿತ್ತೀಯ ಕೊರತೆ, ಅಂದರೆ ಸಾಲ ಮಾಡಿ ತುಂಬಬೇಕಾದ ಅಂತರ, ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇಕಡಾ 3ನ್ನು ಮೀರಬಾರದು ಎಂಬ ಬೇಲಿಯನ್ನೂ ನಾವೇ ಹಾಕಿಕೊಂಡಿದ್ದೇವೆ. ಬಜೆಟ್ ಪುಸ್ತಕ ಓದುವುದೆಂದರೆ ಬೇಲಿಯೊಳಗೆ ಎಷ್ಟು ನೆಲ ಉಳಿದಿದೆ ಎಂದು ಹೆಜ್ಜೆ ಹಾಕಿ ಅಳೆಯುವುದು. ಆಗಿನ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯನವರು ಅದಾಗಲೇ 13 ಬಜೆಟ್ ಮಂಡಿಸಿದ್ದವರು, ಅವರಿಗೆ ಈ ಅಳತೆ ಹೊಸದಲ್ಲ. ಮೊದಲ ಸಲ ಗೆದ್ದ ಒಬ್ಬ ಶಾಸಕನಿಗೆ ಅದು ಹೊಸದು, ಮತ್ತು ಸದನದಲ್ಲಿ ಅಂಥವರೇ ಬಹಳ.

ಗೃಹಜ್ಯೋತಿಯ ಪುಟ ಅಷ್ಟು ಕಷ್ಟವಾಗಲಿಲ್ಲ. ವಿದ್ಯುತ್ ನಿಯಂತ್ರಣ ಆಯೋಗದ ದರ ಆದೇಶಗಳು ಎಲ್ಲರಿಗೂ ತೆರೆದಿರುವ ಕಾಗದ, ಮನೆಬಳಕೆಯ ಲೆಕ್ಕ ಅವುಗಳಲ್ಲಿ ಸಿಗುತ್ತದೆ. ಮೀಟರು ಮಾಲೀಕರ ಹೆಸರಿನಲ್ಲಿದ್ದು ಬಿಲ್ಲು ಕಟ್ಟುವವರು ಬಾಡಿಗೆದಾರರಾದಾಗ ಏನು ಮಾಡಬೇಕು ಎಂದು ಅಂಚಿನಲ್ಲಿ ಬರೆದೆ. ಗೃಹಲಕ್ಷ್ಮಿಯ ಪುಟದಲ್ಲಿ ಹಣಕ್ಕಿಂತ ಹೆಚ್ಚು ಯೋಚಿಸಬೇಕಾಗಿ ಬಂದದ್ದು ಪಡಿತರ ಚೀಟಿಯಲ್ಲಿ ಯಜಮಾನಿ ಯಾರೆಂದು ನಮೂದಾಗಿದೆ, ಆಕೆಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂಬುದರ ಬಗ್ಗೆ. ನಮ್ಮ ಬೀದಿಯಲ್ಲೇ ಅತ್ತೆ ತೀರಿಕೊಂಡು ಮೂರು ವರ್ಷವಾದರೂ ಚೀಟಿಯಲ್ಲಿ ಅವರೇ ಯಜಮಾನಿಯಾಗಿದ್ದ ಮನೆ ಇತ್ತು.

ಅಕ್ಕಿಯ ಪುಟಕ್ಕೆ ಬರುತ್ತೇನೆ. ಆ ಪುಟ ನನಗೆ ಎಲ್ಲಕ್ಕಿಂತ ಸುಲಭ ಅನ್ನಿಸಿತ್ತು. ರಾಜ್ಯದಲ್ಲಿ ಫಲಾನುಭವಿಗಳು ಸುಮಾರು 4.4 ಕೋಟಿ. ಆಗಲೇ ಸಿಗುತ್ತಿದ್ದ 5 ಕಿಲೋ ಬಿಟ್ಟು ಹೆಚ್ಚುವರಿಯಾಗಿ ತಲಾ 5 ಕಿಲೋ ಎಂದರೆ ತಿಂಗಳಿಗೆ 22 ಕೋಟಿ ಕಿಲೋ, ಅಂದರೆ ಎರಡು ಲಕ್ಷದ ಇಪ್ಪತ್ತು ಸಾವಿರ ಟನ್. ಕೇಂದ್ರ ಸರ್ಕಾರದ ಭಾರತ ಆಹಾರ ನಿಗಮ ತನ್ನ ದಾಸ್ತಾನಿನಿಂದ ಮಾರುವ ಮುಕ್ತ ಮಾರಾಟ ಯೋಜನೆಯಲ್ಲಿ ರಾಜ್ಯಗಳಿಗೆ ಕೊಡುತ್ತಿದ್ದ ದರ ಕಿಲೋಗೆ 34 ರೂಪಾಯಿ. ಗುಣಿಸಿದರೆ ತಿಂಗಳಿಗೆ 750 ಕೋಟಿಯ ಆಸುಪಾಸು, ಸಾಗಣೆ ಬೇರೆ. ಯಾರಿಗೆ ಎಂಬ ಕಾಲಂ ತುಂಬಿತು, ಎಷ್ಟು ರೂಪಾಯಿ ಎಂಬುದೂ ತುಂಬಿತು. ಶೀರ್ಷಿಕೆ ಆಹಾರ ಮತ್ತು ಉಗ್ರಾಣದ 2408, ಕೈ ನ್ಯಾಯಬೆಲೆ ಅಂಗಡಿ. ನಾಲ್ಕೂ ಕಾಲಂ ತುಂಬಿದ ಮೇಲೆ ಕೆಳಗೆ ಗೆರೆ ಎಳೆದು ಸಹಿ ಮಾಡಿದೆ. ಇಷ್ಟೊಂದು ಅಕ್ಕಿ ಎಲ್ಲಿಂದ ಬರುತ್ತದೆ, ಅದನ್ನು ಕೊಡಬೇಕಾದವರು ಕೊಡುವುದಿಲ್ಲ ಎಂದರೆ ಮುಂದೇನು ಎಂದು ನನಗೆ ಹೊಳೆಯಲೇ ಇಲ್ಲ. ಹಣವಿದ್ದರೆ ಅಕ್ಕಿ ಇದ್ದಂತೆ ಎಂದು ಖಜಾನೆಯವನ ಮನಸ್ಸು ತಿಳಿದುಕೊಂಡಿತ್ತು.

ಚುನಾವಣೆಯ ವಿವರಕ್ಕೆ ನಾನು ಹೋಗುವುದಿಲ್ಲ. ಮೇ 10ರಂದು ಮತದಾನ, 13ರಂದು ಎಣಿಕೆ. 224ರಲ್ಲಿ 135 ಸ್ಥಾನ ಕಾಂಗ್ರೆಸ್ಸಿಗೆ. ನಮ್ಮ ಶಾಸಕರೂ ಗೆದ್ದರು. ಮೇ 20ರಂದು ಪ್ರಮಾಣವಚನವಾದ ಸಂಜೆಯೇ ಸಂಪುಟ ಸಭೆ ಸೇರಿ ಐದೂ ಗ್ಯಾರಂಟಿಗಳಿಗೆ ತಾತ್ವಿಕ ಒಪ್ಪಿಗೆ ಕೊಟ್ಟಿತು, ಜೂನ್ 2ರಂದು ಜಾರಿಯ ದಿನಾಂಕಗಳು ಹೊರಬಿದ್ದವು. ನಮ್ಮ ಶಾಸಕರು ಮಂತ್ರಿಯಾಗಲಿಲ್ಲ. ಆದರೂ ಊರಿನ ಜನ ಅವರ ಮನೆಯ ಮುಂದೆಯೇ ಬಂದು ನಿಂತರು, ಏಕೆಂದರೆ ಅವರಿಗೆ ಗೊತ್ತಿದ್ದ ಸರ್ಕಾರದ ಮುಖ ಅದೊಂದೇ.

ಜೂನ್ 11ರಂದು ಹೆಂಗಸರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾಯಿತು. ಮರುದಿನ ಬೆಳಗ್ಗೆ ನಾನು ಅದೇ ನಿಲ್ದಾಣದ ಅದೇ ಕಲ್ಲುಬೆಂಚಿನ ಮೇಲೆ ಹೋಗಿ ಕೂತೆ. ಹತ್ತುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚಾಗಿದ್ದರು, ಕೈಯಲ್ಲಿ ಶೂನ್ಯ ಮೊತ್ತದ ಟಿಕೆಟ್ಟು ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ನಿಂತು ಹೋಗುವವರೂ ಹೆಚ್ಚಾಗಿದ್ದರು. ಬಸ್ಸುಗಳನ್ನು ಓಡಿಸುವ ಕೈಗಳು ಇಲ್ಲವೆಂದು 2022ರಲ್ಲಿ ನಾವೇ ಕೇಳಿ ಪಡೆದಿದ್ದ ಉತ್ತರ ಈಗ ನಮ್ಮ ಸರ್ಕಾರದ ಎದುರಿಗೆ ಬಂದು ನಿಂತಿತ್ತು. ಆ ಅನುಬಂಧದ ಪ್ರತಿ ತೆಗೆಸಿ, ನನ್ನ ಮೂರು ದಿನದ ಎಣಿಕೆಯನ್ನು ಸೇರಿಸಿ, ಬೆಳಗಿನ ಹೊತ್ತಿಗೆ ಎಲ್ಲೆಲ್ಲಿ ಹೆಚ್ಚುವರಿ ಬಸ್ಸು ಬೇಕು ಎಂಬ ಪಟ್ಟಿಯನ್ನು ಶಾಸಕರು ಒಂದೇ ವಾರದೊಳಗೆ ಕೊಟ್ಟರು. ಬೇರೆ ಕಡೆ ಈ ಲೆಕ್ಕ ಮಾಡಲು ತಿಂಗಳು ಹಿಡಿಯುತ್ತಿತ್ತು. ವಿರೋಧದಲ್ಲಿದ್ದಾಗ ಕೇಳಿದ ಒಂದು ನೆಟ್ಟಗಿನ ಪ್ರಶ್ನೆ ಅಧಿಕಾರದಲ್ಲಿ ಎಷ್ಟು ಬೇಗ ಕೆಲಸಕ್ಕೆ ಬರುತ್ತದೆ ಎಂಬುದನ್ನು ಅಂದು ಕಣ್ಣಾರೆ ಕಂಡೆ.

ಅಕ್ಕಿಯ ಸುದ್ದಿ ಬಂದದ್ದು ಅದೇ ವಾರ. ಕೇಂದ್ರ ಸರ್ಕಾರ ಮುಕ್ತ ಮಾರಾಟ ಯೋಜನೆಯಲ್ಲಿ ರಾಜ್ಯ ಸರ್ಕಾರಗಳಿಗೆ ಅಕ್ಕಿ ಮತ್ತು ಗೋಧಿ ಮಾರುವುದನ್ನು ನಿಲ್ಲಿಸಿತು. ಬೆಲೆ ಏರಿಕೆ ತಡೆಯಲು ದಾಸ್ತಾನು ಬೇಕು ಎಂಬುದು ಅದು ಕೊಟ್ಟ ಕಾರಣ. ರಾಜ್ಯದ ಬಡವರ ಅನ್ನಕ್ಕೆ ಅಡ್ಡಗಾಲು ಎಂಬುದು ರಾಜ್ಯ ಸರ್ಕಾರದ ಆರೋಪ. ಬೇರೆ ರಾಜ್ಯಗಳಲ್ಲಿ ವಿಚಾರಿಸಿದರೆ ಅಷ್ಟು ಪ್ರಮಾಣ ಸಿಗಲಿಲ್ಲ, ಸಿಗುವ ಕಡೆ ದರ ಕೂಡಿಬರಲಿಲ್ಲ. ಕೊನೆಗೆ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿಯನ್ನು ಖಾತೆಗೆ ಹಾಕುವುದೆಂದು ತೀರ್ಮಾನವಾಗಿ, ಜುಲೈ 10ರಂದು ಹಣ ವರ್ಗಾವಣೆ ಆರಂಭವಾಯಿತು. ಹೆಚ್ಚುವರಿ ಅಕ್ಕಿಯೇ ಮತ್ತೆ ಜನರ ಕೈಗೆ ಬಂದದ್ದು 2025ರಲ್ಲಿ.

ಆ ದಿನಗಳಲ್ಲಿ ಒಂದು ರಾತ್ರಿ ನೋಟ್‌ಬುಕ್ಕು ತೆಗೆದು ಅಕ್ಕಿಯ ಪುಟವನ್ನು ನೋಡಿದೆ. ಗುಣಾಕಾರದಲ್ಲಿ ಒಂದು ಪೈಸೆ ತಪ್ಪಿರಲಿಲ್ಲ. ಆದರೂ ಆ ಪುಟ ಪೂರ್ತಿ ತಪ್ಪಾಗಿತ್ತು. ನಾಲ್ಕು ಜನರಿರುವ ಕೂಲಿಯವರ ಮನೆಯಲ್ಲಿ ಅಂಗಡಿಯ ಬೆಲೆಗೆ ಅಕ್ಕಿ ಕೊಂಡರೆ 680 ರೂಪಾಯಿಗೆ 20 ಕಿಲೋ ಬರುವುದಿಲ್ಲ ಎಂಬುದು ಯಾರಿಗಾದರೂ ಗೊತ್ತಾಗುವ ಮಾತು. ಮರುದಿನ ಶಾಸಕರ ಮುಂದೆ ಪುಟ ಇಟ್ಟು, ಇದನ್ನು ನಾನು ಕೇಳಬೇಕಾಗಿತ್ತು, ಕೇಳಲಿಲ್ಲ ಎಂದೆ. ಅವರು ಪುಟವನ್ನು ಪೂರ್ತಿ ಓದಿದರು. "ನಾನೂ ಓದಿದ್ದೆ ಸಾರ್ ಇದನ್ನ, ನನಗೂ ಹೊಳೀಲಿಲ್ಲ. ಊರೂರಿಗೆ ಹೋಗಿ ಹತ್ತು ಕೆಜಿ ಅಂತ ಹೇಳಿದೋನು ನಾನು" ಎಂದರು. ಅಂದೇ ಐದನೆಯ ಗೆರೆ ಎಳೆದು "ಎಲ್ಲಿಂದ" ಎಂದು ಬರೆದೆ. ಹಣ ಎಲ್ಲಿಂದ ಎಂದಷ್ಟೇ ಅಲ್ಲ; ವಸ್ತು ಎಲ್ಲಿಂದ, ಅದನ್ನು ಕೊಡುವ ಅಧಿಕಾರ ಯಾರದು, ಅವರು ಇಲ್ಲವೆಂದರೆ ಎರಡನೆಯ ದಾರಿ ಯಾವುದು ಎಂಬುದೆಲ್ಲ ಆ ಒಂದು ಕಾಲಮ್ಮಿನಲ್ಲಿ ಬರಬೇಕು. ಹಿಂದಿನ ಪುಟಗಳಿಗೂ ಹೋಗಿ ಒಂದೊಂದಾಗಿ ತುಂಬಿದೆ. ಬಸ್ಸಿನ ಪುಟದಲ್ಲಿ ಅದು ಚಾಲಕರ ನೇಮಕಾತಿ, ಗೃಹಲಕ್ಷ್ಮಿಯ ಪುಟದಲ್ಲಿ ಅದು ಬ್ಯಾಂಕಿನ ಜೋಡಣೆ.

ಜುಲೈ 7ರಂದು ಸಿದ್ದರಾಮಯ್ಯನವರು ತಮ್ಮ 14ನೆಯ ಬಜೆಟ್ ಮಂಡಿಸಿದರು. ಒಟ್ಟು ಗಾತ್ರ 3,27,747 ಕೋಟಿ. ಗ್ಯಾರಂಟಿಗಳಿಗೆ ಪೂರ್ಣ ವರ್ಷಕ್ಕೆ ಸುಮಾರು 52,000 ಕೋಟಿ ಬೇಕೆಂಬ ಅಂದಾಜು. ಫೆಬ್ರುವರಿಯ ಪುಸ್ತಕದಲ್ಲಿ ಅಲ್ಪ ಉಳಿತಾಯ ಕಂಡಿದ್ದ ರಾಜಸ್ವ ಲೆಕ್ಕ (ಸಾಲ ಬಿಟ್ಟು ಬರುವ ಆದಾಯಕ್ಕೂ ದಿನನಿತ್ಯದ ಖರ್ಚಿಗೂ ಇರುವ ಲೆಕ್ಕ) ಈಗ 12,522 ಕೋಟಿಯ ಕೊರತೆಯಾಗಿತ್ತು. ನಾವು ಪೆನ್ಸಿಲ್ಲಿನಲ್ಲಿ ಅಳೆದಿದ್ದ ಕಿರಿದಾದ ಜಾಗ ಮುದ್ರಣದಲ್ಲಿ ಬಂದಿತ್ತು.

ಕಳೆದ ವರ್ಷ ಡಿಸೆಂಬರಿನ ಬೆಳಗಾವಿ ಅಧಿವೇಶನಕ್ಕೆ ಮೊದಲು ಒಬ್ಬ ಹುಡುಗ ನನ್ನನ್ನು ಹುಡುಕಿಕೊಂಡು ಮನೆಗೆ ಬಂದ. ಈಗಿನ ವಿರೋಧ ಪಕ್ಷದ ಶಾಸಕರೊಬ್ಬರ ಹತ್ತಿರ ಕೆಲಸ ಮಾಡುವವನು, ಎಂ.ಕಾಂ. ಓದಿದವನು. "ಪ್ರಶ್ನೆ ಬರೆಯೋದು ಹೇಗೆ ಅಂತ ಕಲಿಸ್ತೀರಾ ಸಾರ್, ನೀವು ಆ ಕಡೆಯವರು ಅಂತ ಗೊತ್ತು" ಎಂದು ಹಿಂಜರಿಯುತ್ತಲೇ ಕೇಳಿದ. ಶಾಸಕರಿಗೆ ಫೋನು ಮಾಡಿ ವಿಷಯ ತಿಳಿಸಿದೆ. "ಕಲಿಸಿ ಸಾರ್, ನಾಳೆ ಅವರು ಬಂದು ನಡೆಸೋದೂ ಇದೇ ಖಜಾನೆನೇ ತಾನೇ" ಎಂದರು. ಹುಡುಗ ತಂದಿದ್ದ ಕರಡಿನಲ್ಲಿ (ಅ) ಎಂದು ಬರೆದು "ಸರ್ಕಾರದ ಗಮನಕ್ಕೆ ಬಂದಿದೆಯೇ" ಎಂದಿತ್ತು. ಅದನ್ನು ಹೊಡೆದುಹಾಕಿ, ಅವನ ನೋಟ್‌ಬುಕ್ಕಿನಲ್ಲಿ ಐದು ಕಾಲಂ ಗೆರೆ ಹಾಕಿಕೊಟ್ಟು, ಕೊನೆಯ ಕಾಲಮ್ಮಿನಿಂದ ಶುರು ಮಾಡೋಣ ಎಂದೆ.